ಓಲ್ಡ್ಸ್‌ಮೊಬೀಲ್ 455 ಎಂಜಿನ್ನಿನ ಕ್ವಾಡ್ರಾಜೆಟ್: ಜೆಟ್ ಬದಲಿಸುವ ಮೊದಲು ಏನೇನು ನೋಡಬೇಕು?

ಲ್ಯಾನ್ಸಿಂಗ್ 455

ಎಲ್ಲರಿಗೂ ನಮಸ್ಕಾರ. ಓಲ್ಡ್ಸ್‌ಮೊಬೀಲ್ ಕಂಪನಿಯ ತವರೂರಾದ ಮಿಷಿಗನ್‌ನ ಲ್ಯಾನ್ಸಿಂಗ್‌ನಲ್ಲಿ ನನ್ನ ವಾಸ. ನನ್ನ ಬಳಿ ಇರುವುದೂ ಅದೇ ಕಂಪನಿಯ 1972ರ ಡೆಲ್ಟಾ 88. ಅದರದು 455 ಘನ ಇಂಚಿನ, ಅಂದರೆ ಸುಮಾರು 7.5 ಲೀಟರಿನ ವಿ8 ಎಂಜಿನ್. ಹಿಂದಿನ ಮಾಲೀಕರು ಎಂಜಿನ್ ಬಿಚ್ಚಿಸಿದಾಗ, ವಾಲ್ವ್‌ಗಳನ್ನು ಮೂಲದ್ದಕ್ಕಿಂತ ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್‌ಶಾಫ್ಟ್ ಹಾಕಿಸಿದ್ದಾರೆ. ಹೀಗಾಗಿ ಐಡಲಿಂಗ್‌ನಲ್ಲಿ ವ್ಯಾಕ್ಯೂಮ್, ಅಂದರೆ ಎಂಜಿನ್ ಗಾಳಿ ಸೆಳೆಯುವ ಒತ್ತಡ, ಪಾದರಸದ 12 ಇಂಚು ಮಾತ್ರ ಸಿಗುತ್ತದೆ. ಆಟೊಮ್ಯಾಟಿಕ್ ಗೇರನ್ನು ಡ್ರೈವ್‌ಗೆ ಹಾಕಿದರೆ 9ಕ್ಕೆ ಇಳಿಯುತ್ತದೆ.

ತೊಂದರೆಗಳು ಮೂರು. ಗಾಡಿ ಒಂದು ವಾರ ನಿಂತರೆ ಸ್ಟಾರ್ಟರ್ ಬಹಳ ಹೊತ್ತು ತಿರುಗಿದ ಮೇಲಷ್ಟೇ ಎಂಜಿನ್ ಹಿಡಿಯುತ್ತದೆ. ಐಡಲಿಂಗ್‌ಗೆ ಬೇಕಾದ ಪೆಟ್ರೋಲನ್ನು ಹೊಂದಿಸುವ ಐಡಲ್ ಮಿಕ್ಸ್ಚರ್ ಸ್ಕ್ರೂಗಳನ್ನು ಯಾವ ಕಡೆ ತಿರುಗಿಸಿದರೂ ಎಂಜಿನ್ನಿನ ಸದ್ದಿನಲ್ಲಿ ವ್ಯತ್ಯಾಸವೇ ಆಗುವುದಿಲ್ಲ, ಸೈಲೆನ್ಸರಿನಿಂದ ಮಾತ್ರ ಪೆಟ್ರೋಲಿನ ಘಾಟು ಕಣ್ಣಿಗೆ ಬಡಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವಾಗ ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತಾಗಿ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಗಾಳಿಗೆ ಪೆಟ್ರೋಲು ಬೆರೆಸುವ ಕ್ವಾಡ್ರಾಜೆಟ್ ಕಾರ್ಬ್ಯುರೇಟರನ್ನು ಇತ್ತೀಚೆಗಷ್ಟೇ ಒಂದು ವರ್ಕ್‌ಶಾಪಿನಲ್ಲಿ ಹೊಸ ಕಿಟ್ ಹಾಕಿಸಿ ತಂದದ್ದು. ಪರಿಚಯದವರೊಬ್ಬರು ಮುಖ್ಯ ಜೆಟ್‌ಗಳನ್ನು (ಪೆಟ್ರೋಲು ಹರಿಯುವ ಅಳತೆಯ ರಂಧ್ರಗಳನ್ನು) ಎರಡು ನಂಬರ್ ದೊಡ್ಡದು ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಕಾರ್ಬ್ಯುರೇಟರನ್ನೇ ತೆಗೆದೊಗೆದು ಹೊಸದನ್ನು ಕೂರಿಸಿ ಎನ್ನುತ್ತಾರೆ. ನನಗೆ ಮೂಲದ ಕಾರ್ಬ್ಯುರೇಟರನ್ನೇ ಉಳಿಸಿಕೊಳ್ಳುವ ಆಸೆ. ಎಲ್ಲಿಂದ ಆರಂಭಿಸಬೇಕು?

ಹೂಸ್ಟನ್ ವಿ8

ನೀವು ಹೇಳಿದ ಮೂರು ತೊಂದರೆಗಳೂ ಕಾರ್ಬ್ಯುರೇಟರಿನೊಳಗಿನ ಮೂರು ಬೇರೆ ಬೇರೆ ಕಡೆ ಹುಟ್ಟುವಂಥವು, ಮತ್ತು ಅವುಗಳಲ್ಲಿ ಒಂದಕ್ಕೂ ಮುಖ್ಯ ಜೆಟ್ ಹೊಣೆಯಲ್ಲ. ಆದ್ದರಿಂದ ಜೆಟ್‌ನ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಮೊದಲು ವಸ್ತುವಿನ ಪರಿಚಯ, ಓದುವ ಇತರರಿಗಾಗಿ. ಜನರಲ್ ಮೋಟರ್ಸ್‌ನ ರೋಚೆಸ್ಟರ್ ವಿಭಾಗ 1965ರಲ್ಲಿ ತಂದ ಕ್ವಾಡ್ರಾಜೆಟ್ ಎಂಬ ಈ ನಾಲ್ಕು ಬ್ಯಾರೆಲ್‌ನ (ಗಾಳಿಯ ಕೊಳವೆಗಳ) ಕಾರ್ಬ್ಯುರೇಟರ್, ಬೇರೆ ಬೇರೆ ರೂಪಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ತಯಾರಾಯಿತು. ಮುಂದಿನ ಎರಡು ಬ್ಯಾರೆಲ್‌ಗಳ ವ್ಯಾಸ ಸುಮಾರು 35 ಮಿ.ಮೀ., ಹಿಂದಿನವುಗಳದು ಸುಮಾರು 57 ಮಿ.ಮೀ. ದಿನನಿತ್ಯದ ಓಡಾಟವನ್ನೆಲ್ಲ ಮುಂದಿನ ಜಿಪುಣ ಜೋಡಿಯೇ ನಿಭಾಯಿಸುತ್ತದೆ. ಕಾಲು ಒತ್ತಿ ತುಳಿದಾಗ ಮಾತ್ರ ಹಿಂದಿನ ಉದಾರ ಜೋಡಿ ಬಾಯಿ ತೆರೆಯುತ್ತದೆ. ಎಡಬದಿಯಲ್ಲಿ ಲಂಬವಾಗಿ ಒತ್ತಿರುವ ನಂಬರನ್ನು ಓದಿಕೊಳ್ಳಿ. 7042 ಎಂದು ಆರಂಭವಾದರೆ ಅದು 1972ರದ್ದೇ. ಬೇರೆ ನಂಬರಾದರೆ ಫ್ಲೋಟ್ (ತೇಲುಬುರುಡೆ) ಎತ್ತರದಂಥ ಅಳತೆಗಳನ್ನು ಆ ನಂಬರಿಗೆ ತಕ್ಕಂತೆ ಹುಡುಕಬೇಕು. ಕಿಟ್ ಹಾಕಿದವರು ಎಷ್ಟೋ ಸಲ ಇದನ್ನೇ ನೋಡಿರುವುದಿಲ್ಲ.

ಸ್ಟಾರ್ಟಿಂಗ್ ತೊಂದರೆಗೆ ಬರೋಣ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ನಿಲ್ಲುವ ಬೌಲ್‌ನ ತಳದಲ್ಲಿ ಇಂಧನದ ಬಾವಿಗಳನ್ನು ಕೊರೆದ ತೂತುಗಳನ್ನು ಕಾರ್ಖಾನೆಯಲ್ಲಿ ಸಣ್ಣ ಲೋಹದ ಪ್ಲಗ್‌ಗಳಿಂದ ಮುಚ್ಚಿರುತ್ತಾರೆ. ಹಳತಾದಂತೆ ಅವು ಜಿನುಗಿ, ಪೆಟ್ರೋಲು ನಿಧಾನವಾಗಿ ಮ್ಯಾನಿಫೋಲ್ಡಿಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ) ಇಳಿದುಹೋಗುತ್ತದೆ. ಗಾಡಿ ನಿಂತ ಮೇಲೆ ಒಂದು ಬೆಳಿಗ್ಗೆ ಏರ್ ಕ್ಲೀನರ್ ತೆಗೆದು, ಎಂಜಿನ್ ಚಾಲೂ ಮಾಡದೆ ಕೈಯಿಂದ ಥ್ರಾಟಲ್ ಎಳೆದು ನೋಡಿ. ಕಾರ್ಬ್ಯುರೇಟರಿನೊಳಗಿನ ಆಕ್ಸಿಲರೇಟರ್ ಪಂಪ್ ಪೆಟ್ರೋಲು ಚಿಮ್ಮದಿದ್ದರೆ ಬೌಲ್ ಖಾಲಿಯಾಗಿದೆ ಎಂದರ್ಥ. ಆಮೇಲೆ ಕಾರ್ಬ್ಯುರೇಟರನ್ನು ಕಳಚಿ, ಬೌಲ್ ತುಂಬಿಸಿ, ಒಣ ಕಾಗದದ ಮೇಲೆ ರಾತ್ರಿಯಿಡೀ ಇಡಿ. ಕಾಗದ ತೊಯ್ದಿದ್ದರೆ ಪ್ಲಗ್‌ಗಳ ದೋಷ. ಸುತ್ತ ಚೆನ್ನಾಗಿ ತಿಕ್ಕಿ ಒಣಗಿಸಿ, ಪೆಟ್ರೋಲಿಗೆ ಕರಗದ ಎಪಾಕ್ಸಿ ಹಚ್ಚಿದರೆ ಸಾಕು. ಕಾಗದ ಒಣಗಿಯೇ ಇದ್ದರೆ ದೋಷ ಕಾರ್ಬ್ಯುರೇಟರಿನದಲ್ಲ: ಎಂಜಿನ್ ಆರಿಸಿದ ಮೇಲಿನ ಬಿಸಿಗೆ ಈಗಿನ ಎಥನಾಲ್ ಬೆರೆತ ಇಂಧನ ಆವಿಯಾಗುತ್ತಿದೆ. ಮಿಷಿಗನ್‌ನಲ್ಲಿ ಚಳಿಗಾಲದ ಪೆಟ್ರೋಲು ಇನ್ನೂ ಟ್ಯಾಂಕಿನಲ್ಲಿರುವಾಗ ಏಪ್ರಿಲ್‌ನ ಒಂದು ಬೆಚ್ಚನೆಯ ದಿನ ಬಂದರೆ ಇದು ಎದ್ದು ಕಾಣುತ್ತದೆ. ಕಾರ್ಬ್ಯುರೇಟರಿನ ಕೆಳಗೆ ಶಾಖ ತಡೆಯುವ ದಪ್ಪ ಗ್ಯಾಸ್ಕೆಟ್ ಹಾಕಿದರೆ ಸ್ವಲ್ಪ ಅನುಕೂಲ.

ಇನ್ನು ಐಡಲಿಂಗ್. ಸ್ಕ್ರೂ ತಿರುಗಿಸಿದರೂ ಫಲವಿಲ್ಲ ಎಂದರೆ ಎಂಜಿನ್ ಆ ಸ್ಕ್ರೂವಿನ ತೂತಿನಿಂದ ಪೆಟ್ರೋಲು ಕುಡಿಯುತ್ತಿಲ್ಲ, ಅದರ ಮೇಲಿರುವ ಉದ್ದನೆಯ ಟ್ರಾನ್ಸ್‌ಫರ್ ಸ್ಲಾಟ್‌ನಿಂದ ಕುಡಿಯುತ್ತಿದೆ. ದೊಡ್ಡ ಕ್ಯಾಮ್ ಇರುವ ಎಂಜಿನ್ ನಿಂತುಹೋಗದಂತೆ ಐಡಲ್ ಸ್ಪೀಡ್ ಸ್ಕ್ರೂವನ್ನು ಯಾರೋ ಒಳಗೆ ತಿರುಗಿಸಿರುತ್ತಾರೆ, ಥ್ರಾಟಲ್ ತಗಡು ಮೇಲೆದ್ದು ಆ ಸ್ಲಾಟ್ ಬೇಕಾದ್ದಕ್ಕಿಂತ ಹೆಚ್ಚು ತೆರೆದುಕೊಂಡಿರುತ್ತದೆ. ಕಾರ್ಬ್ಯುರೇಟರನ್ನು ತಲೆಕೆಳಗು ಮಾಡಿ ನೋಡಿದರೆ ಸ್ಲಾಟ್ ಸಣ್ಣ ಚೌಕದಷ್ಟು ಮಾತ್ರ ಕಾಣಬೇಕು.

ಇದಕ್ಕೆ ಮೊದಲ ಮದ್ದು ಇರುವುದು ಡಿಸ್ಟ್ರಿಬ್ಯೂಟರಿನಲ್ಲಿ. ಆರಂಭದ ಟೈಮಿಂಗನ್ನು, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲು ಕಿಡಿ ಹಾರುವ ಹೊತ್ತನ್ನು, 12ರಿಂದ 14 ಡಿಗ್ರಿಗೆ ತನ್ನಿ. ಆದರೆ ಎಂಜಿನ್ ವೇಗ ಏರಿದಂತೆ ಕಿಡಿಯನ್ನು ಮುಂದಾಗಿಸುವ ಸೆಂಟ್ರಿಫ್ಯೂಗಲ್ ಅಡ್ವಾನ್ಸ್ ಸೇರಿ ಒಟ್ಟು 34ರ ಆಸುಪಾಸಿನಲ್ಲಿ ನಿಲ್ಲುವಂತೆ ಅದರ ಓಟವನ್ನು ಮೊಟಕುಗೊಳಿಸಿ. ವ್ಯಾಕ್ಯೂಮ್ ಅಡ್ವಾನ್ಸಿನ ಪೈಪನ್ನು ನೇರ ಮ್ಯಾನಿಫೋಲ್ಡಿಗೆ ಜೋಡಿಸಿ ನೋಡಿ. ಟೈಮಿಂಗ್ ಮುಂದಾದಂತೆ ಎಂಜಿನ್ ತಾನಾಗಿ ವೇಗ ಪಡೆಯುತ್ತದೆ, ನೀವು ಥ್ರಾಟಲನ್ನು ಮುಚ್ಚಬಹುದು, ಸ್ಲಾಟ್ ಮರೆಯಾಗುತ್ತದೆ, ಸ್ಕ್ರೂಗಳಿಗೆ ಜೀವ ಬರುತ್ತದೆ. ಅಷ್ಟಕ್ಕೂ ಆಗದಿದ್ದರೆ ಮುಂದಿನ ಎರಡು ಥ್ರಾಟಲ್ ತಗಡುಗಳಲ್ಲಿ 1.6 ಮಿ.ಮೀ.ನ ಒಂದೊಂದು ತೂತು ಕೊರೆದು ಗಾಳಿಗೆ ಬೇರೆ ದಾರಿ ಕೊಡಬಹುದು. ಹೆಚ್ಚಾಯಿತೆನಿಸಿದರೆ ಬೆಸುಗೆ ಹಾಕಿ ಮುಚ್ಚಬಹುದು. ಐಡಲ್ ಟ್ಯೂಬಿನ ರಂಧ್ರ ಹಿಗ್ಗಿಸುವುದು ಕೊನೆಯ ಉಪಾಯ, ಏಕೆಂದರೆ ಅದನ್ನು ಮತ್ತೆ ಕಿರಿದು ಮಾಡಲಾಗದು.

ಮೂರನೆಯದನ್ನು ಬೇರೆಯವರಿಗೆ ಬಿಡುತ್ತೇನೆ. ಹುಬ್ಬಳ್ಳಿಯವರಿಗೆ ಅದು ಗೊತ್ತಿರುವ ವಿಷಯ.

ಹುಬ್ಬಳ್ಳಿ ಗ್ಯಾರೇಜು

ನನ್ನ ಕೈ ಪಳಗಿದ್ದು ಹಳೆಯ ಅಂಬಾಸಿಡರ್ ಗಾಡಿಗಳ ಎಸ್‌ಯು ಕಾರ್ಬ್ಯುರೇಟರಿನ ಮೇಲೆ. ಒಂದೂವರೆ ಲೀಟರಿನ ಆ ಎಂಜಿನ್ನಿಗೂ ನಿಮ್ಮ ಏಳೂವರೆ ಲೀಟರಿನದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಕ್ವಾಡ್ರಾಜೆಟ್‌ನ ಹಿಂದಿನ ಎರಡು ಬ್ಯಾರೆಲ್‌ಗಳನ್ನು ಒಮ್ಮೆ ನಿಧಾನವಾಗಿ ನೋಡಿದರೆ ಸಂಬಂಧ ತಾನಾಗಿ ಕಾಣುತ್ತದೆ.

ಎಸ್‌ಯುವಿನಲ್ಲಿ ಗಾಳಿಯ ಸೆಳೆತಕ್ಕೆ ಪಿಸ್ಟನ್ ಮೇಲೇಳುತ್ತದೆ, ಅದಕ್ಕೆ ಸಿಕ್ಕಿಸಿದ ಮೊನಚು ಸೂಜಿ ಜೆಟ್‌ನಿಂದ ಮೇಲೆ ಬರುತ್ತದೆ, ಸೂಜಿ ತೆಳ್ಳಗಾದಂತೆ ಪೆಟ್ರೋಲು ಹೆಚ್ಚುತ್ತದೆ. ಕ್ವಾಡ್ರಾಜೆಟ್‌ನ ಹಿಂಭಾಗದಲ್ಲಿ ಪಿಸ್ಟನ್ನಿನ ಬದಲು ತಗಡಿನ ಏರ್ ವಾಲ್ವ್ ಇದೆ, ಸೂಜಿಯ ಬದಲು ಎರಡು ಮೀಟರಿಂಗ್ ರಾಡ್‌ಗಳಿವೆ. ವಾಲ್ವ್ ತೆರೆದಷ್ಟೂ ರಾಡ್‌ಗಳು ಮೇಲೇಳುತ್ತವೆ. ತತ್ವ ಒಂದೇ. ಆದ್ದರಿಂದ ರೋಗವೂ ಒಂದೇ ಬಗೆಯದು. ಎಸ್‌ಯುವಿನ ಡ್ಯಾಶ್‌ಪಾಟಿನಲ್ಲಿ ಎಣ್ಣೆ ಒಣಗಿದ್ದರೆ, ಕಾಲು ಒತ್ತಿದೊಡನೆ ಪಿಸ್ಟನ್ ತಡೆಯಿಲ್ಲದೆ ಹಾರಿ, ಗಾಳಿ ಮೊದಲು ನುಗ್ಗಿ, ಪೆಟ್ರೋಲು ಹಿಂದೆ ಬಿದ್ದು, ಎಂಜಿನ್ ಮುಗ್ಗರಿಸುತ್ತದೆ. ಆ ಎಣ್ಣೆಯ ಕೆಲಸವನ್ನು ನಿಮ್ಮಲ್ಲಿ ಎರಡು ಸಂಗತಿಗಳು ಹಂಚಿಕೊಂಡಿವೆ: ಏರ್ ವಾಲ್ವ್‌ನ ಸ್ಪ್ರಿಂಗ್ ಮತ್ತು ಚೋಕಿನ ಪಕ್ಕದಲ್ಲಿರುವ ವ್ಯಾಕ್ಯೂಮ್ ಬ್ರೇಕ್ ಎಂಬ ಡಯಾಫ್ರಾಮ್.

ಡಯಾಫ್ರಾಮ್ ಮೊದಲು ನೋಡಿ. ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟು ಹಿಡಿದರೆ ಅದು ಒಳಗೆಳೆದುಕೊಂಡು ನಿಲ್ಲಬೇಕು; ಬಿಟ್ಟರೆ ಫಟ್ಟನೆ ಬಿಡದೆ ಒಂದೆರಡು ಸೆಕೆಂಡು ತೆಗೆದುಕೊಂಡು ವಾಪಸಾಗಬೇಕು. ಹರಿದಿದ್ದರೆ ಅಥವಾ ಅದರ ಸಣ್ಣ ತೂತಿನ ತಡೆ ಇಲ್ಲದ ತಪ್ಪು ಮಾದರಿಯನ್ನು ಹಾಕಿದ್ದರೆ, ನೀವು ಹೇಳಿದ ಉಸಿರುಕಟ್ಟು ಬಂದೇ ಬರುತ್ತದೆ. ನಂತರ ಸ್ಪ್ರಿಂಗ್: ಲಾಕ್ ಮಾಡುವ ಅಲೆನ್ ಸ್ಕ್ರೂವನ್ನು ಸಡಿಲಿಸಿ, ಹೊಂದಾಣಿಕೆಯ ಸ್ಕ್ರೂವನ್ನು ವಾಲ್ವ್ ಆಗತಾನೆ ಮುಚ್ಚುವ ಜಾಗಕ್ಕೆ ತಂದು, ಅಲ್ಲಿಂದ ಅರ್ಧ ಸುತ್ತು ಬಿಗಿಮಾಡಿ ಆರಂಭಿಸಿ. ಮುಗ್ಗರಿಸುವುದು ನಿಲ್ಲುವವರೆಗೆ ಸುತ್ತಿನ ಎಂಟನೇ ಒಂದು ಭಾಗದಂತೆ ಹೆಚ್ಚಿಸುತ್ತ ಹೋಗಿ. ಮುಕ್ಕಾಲು ಸುತ್ತು ದಾಟಿದರೂ ನಿಲ್ಲದಿದ್ದರೆ ಕಾರಣ ಬೇರೆ ಕಡೆ ಇದೆ.

ಡೆನ್ವರ್ ನಿವಾಸಿ

ಇಷ್ಟೆಲ್ಲ ಯಾಕೆ ಎಂದು ಕೇಳಲು ಅನುಮತಿ ಇರಲಿ. ಹೋಲಿ ಮಾದರಿಯ ಹೊಸ 750 ಸಿಎಫ್‌ಎಮ್ (ನಿಮಿಷಕ್ಕೆ 750 ಘನ ಅಡಿ ಗಾಳಿ ಬಿಡುವ) ಕಾರ್ಬ್ಯುರೇಟರ್ ತಂದರೆ ಬೌಲ್ ಬಿಚ್ಚಿ ಐದು ನಿಮಿಷದಲ್ಲಿ ಜೆಟ್ ಬದಲಿಸಬಹುದು, ಬಿಡಿಭಾಗಗಳು ಎಲ್ಲ ಕಡೆ ಸಿಗುತ್ತವೆ, ಜಿನುಗುವ ಪ್ಲಗ್‌ಗಳ ಗೋಳೂ ಇಲ್ಲ. 1970ರ ಶೆವೆಲ್‌ನ 454 ಎಂಜಿನ್ನಿನಲ್ಲಿ ಸೌಮ್ಯವಾದ ಎಲ್‌ಎಸ್5ಕ್ಕೆ ಕ್ವಾಡ್ರಾಜೆಟ್ ಕೊಟ್ಟು, ಬಲಶಾಲಿಯಾದ ಎಲ್‌ಎಸ್6ಕ್ಕೆ ಜನರಲ್ ಮೋಟರ್ಸ್‌ನವರೇ ಹೋಲಿ ಕೂರಿಸಿದ್ದರು ಎಂಬುದನ್ನು ಮರೆಯಬಾರದು.

ಹೂಸ್ಟನ್ ವಿ8

ಎಲ್‌ಎಸ್6ರ ಉದಾಹರಣೆ ನಿಜ, ಆದರೆ ಅದು ಸ್ಪರ್ಧೆಯ ಮನೋಭಾವದ ಎಂಜಿನ್. ಇವರದು ಕುಟುಂಬದ ಸೆಡಾನ್. ಲೆಕ್ಕ ಮಾಡೋಣ. ನಾಲ್ಕು ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ ಎಳೆಯುವ ಗಾಳಿ, ಘನ ಇಂಚು ಮತ್ತು ಆರ್‌ಪಿಎಮ್ ಗುಣಿಸಿ 3456ರಿಂದ ಭಾಗಿಸಿದಷ್ಟು ಘನ ಅಡಿ. 455 ಎಂಜಿನ್ 4500 ಆರ್‌ಪಿಎಮ್‌ನಲ್ಲಿ ಸಿಲಿಂಡರ್‌ಗಳನ್ನು ನೂರಕ್ಕೆ ನೂರು ತುಂಬಿಕೊಂಡರೂ ಬೇಕಾಗುವುದು 592. ವಾಸ್ತವದಲ್ಲಿ 85 ಪ್ರತಿಶತ ತುಂಬಿದರೆ 503. ಸಾಮಾನ್ಯ ಕ್ವಾಡ್ರಾಜೆಟ್ ಸುಮಾರು 750ರದ್ದು, ಮತ್ತು ಏರ್ ವಾಲ್ವ್ ಎಂಜಿನ್ ಕೇಳಿದಷ್ಟೇ ತೆರೆಯುವುದರಿಂದ ಉಳಿದದ್ದು ಹೊರೆಯಾಗುವುದಿಲ್ಲ.

ಇನ್ನೊಂದು ಅಂಶ. ನಾಲ್ಕೂ ಬ್ಯಾರೆಲ್ ಸಮನಾಗಿರುವ ಕಾರ್ಬ್ಯುರೇಟರನ್ನು ಓಲ್ಡ್ಸ್‌ನ ಮೂಲ ಮ್ಯಾನಿಫೋಲ್ಡ್ ಮೇಲೆ ಕೂರಿಸಲು ನಡುವೆ ಅಡಾಪ್ಟರ್ ಬೇಕು. ಅದರಿಂದ ಗಾಳಿಯ ದಾರಿ ಸೊಟ್ಟಗಾಗುತ್ತದೆ, ಎತ್ತರವೂ ಹೆಚ್ಚಾಗಿ ಬಾನೆಟ್ಟಿಗೆ ಏರ್ ಕ್ಲೀನರ್ ತಗಲಬಹುದು. ಕಿರಿದಾದ ಬ್ಯಾರೆಲ್‌ನಲ್ಲಿ ಗಾಳಿ ರಭಸವಾಗಿ ಹರಿದು ಪೆಟ್ರೋಲು ಚೆನ್ನಾಗಿ ಸೀಳಿಕೊಳ್ಳುವ ಲಾಭವನ್ನೂ ಕಳೆದುಕೊಳ್ಳುತ್ತೀರಿ. ಜೆಟ್ ಬದಲಿಸಲು ಸುಲಭ ಎಂಬುದು ಒಪ್ಪತಕ್ಕ ಮಾತೇ. ಆದರೆ ಇವರ ತೊಂದರೆ ಜೆಟ್‌ನದೇ ಅಲ್ಲವಲ್ಲ.

ಲ್ಯಾನ್ಸಿಂಗ್ 455

ಎಲ್ಲರ ಸಲಹೆಯಂತೆ ಬಿಚ್ಚಿ ನೋಡಿದೆ. ಕಾಗದದ ಮೇಲೆ ಎರಡು ಕಡೆ ತೇವ ಮೂಡಿತ್ತು. ಎಪಾಕ್ಸಿ ಹಚ್ಚಿದ ಮೇಲೆ ಒಣಗಿಯೇ ಉಳಿಯಿತು. ವ್ಯಾಕ್ಯೂಮ್ ಬ್ರೇಕ್ ವ್ಯಾಕ್ಯೂಮನ್ನು ಹಿಡಿಯುತ್ತಿತ್ತು, ಆದರೆ ಬಿಟ್ಟೊಡನೆ ಹಾರುತ್ತಿತ್ತು. ಸರಿಯಾದದ್ದನ್ನು ತರಿಸಿ, ಸ್ಪ್ರಿಂಗನ್ನು ಎಂಟರಲ್ಲಿ ಐದು ಭಾಗ ಸುತ್ತಿಗೆ ನಿಲ್ಲಿಸಿದಾಗ ಮುಗ್ಗರಿಸುವುದು ಹೋಯಿತು. ಟೈಮಿಂಗ್ ಆರಂಭದಲ್ಲಿ 6 ಡಿಗ್ರಿ ಇತ್ತು. 14ಕ್ಕೆ ತಂದು ವ್ಯಾಕ್ಯೂಮ್ ಅಡ್ವಾನ್ಸ್ ಜೋಡಿಸಿದ ಮೇಲೆ ಡ್ರೈವ್‌ನಲ್ಲೂ 11 ಇಂಚು ವ್ಯಾಕ್ಯೂಮ್ ಸಿಗುತ್ತಿದೆ, ತಗಡಿಗೆ ತೂತು ಕೊರೆಯುವ ಅಗತ್ಯ ಬರಲಿಲ್ಲ.

ಈಗ ಉಳಿದಿರುವುದು ಒಂದೇ. ಸಮತಟ್ಟಾದ ರಸ್ತೆಯಲ್ಲಿ 90 ಕಿ.ಮೀ. ವೇಗದಲ್ಲಿ ಕಾಲು ಅಲುಗಿಸದೆ ಹೋಗುವಾಗ ಗಾಡಿ ಸಣ್ಣಗೆ ಜಗ್ಗುತ್ತದೆ. ಸೈಲೆನ್ಸರಿಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿದ್ದೇನೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಎಷ್ಟು ಪಾಲು ಗಾಳಿ ಎಂದು ತೋರಿಸುವ ಅದರ ಮೀಟರ್ ಆ ಹೊತ್ತಿನಲ್ಲಿ 16.2 ತೋರಿಸುತ್ತದೆ; ಅಂಕಿ ಹೆಚ್ಚಿದಷ್ಟೂ ಮಿಶ್ರಣ ತೆಳು. ಪೂರ್ತಿ ತುಳಿದಾಗ 12.6. ಮುಂದಿನ ಬ್ಯಾರೆಲ್‌ಗಳಿಗೆ ಇರುವುದು 72 ನಂಬರಿನ ಜೆಟ್, 44 ನಂಬರಿನ ರಾಡ್.

ಲೆಕ್ಕದ ಮೇಷ್ಟ್ರು, ಬೆಂಗಳೂರು

ಥ್ರಾಟಲ್ ಶಾಫ್ಟಿನ ಬುಷ್‌ಗಳು ಸವೆದು ಗಾಳಿ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅದು ಸರಿಯಿದ್ದರೆ, ಈಗ ಮಾತ್ರ ಮುಖ್ಯ ಜೆಟ್‌ನ ಸರದಿ ಬಂದಿದೆ. ಆದರೂ ಬದಲಿಸಬೇಕಾದದ್ದು ಜೆಟ್ಟನ್ನಲ್ಲ, ರಾಡನ್ನು.

72 ಎಂದರೆ 0.072 ಇಂಚಿನ ರಂಧ್ರ. ಅದರ ನಡುವೆ 0.044 ಇಂಚಿನ ರಾಡ್ ನಿಂತಿರುತ್ತದೆ. ಪೆಟ್ರೋಲು ಹರಿಯುವುದು ಇವೆರಡರ ನಡುವಿನ ಉಂಗುರದಲ್ಲಿ. ಎರಡು ವ್ಯಾಸಗಳ ವರ್ಗಗಳ ವ್ಯತ್ಯಾಸವನ್ನು 0.7854ರಿಂದ ಗುಣಿಸಿದರೆ ಆ ಉಂಗುರದ ವಿಸ್ತೀರ್ಣ 0.00255 ಚದರ ಇಂಚು. ರಾಡನ್ನು 42ಕ್ಕೆ ಇಳಿಸಿದರೆ ಅದು 0.00269 ಆಗುತ್ತದೆ, ಅಂದರೆ ಸುಮಾರು 5.3 ಪ್ರತಿಶತ ಹೆಚ್ಚು, ನಿಮ್ಮ 16.2 ಆಗ 15.4ರ ಹತ್ತಿರ ಬರಬೇಕು. ಪೂರ್ತಿ ತುಳಿದಾಗ ವ್ಯಾಕ್ಯೂಮ್ ಬಿದ್ದು, ರಾಡ್‌ಗಳನ್ನು ಹೊತ್ತ ಪವರ್ ಪಿಸ್ಟನ್ ಎದ್ದು, ರಾಡಿನ ತೆಳ್ಳಗಿನ ತುದಿ ಜೆಟ್‌ಗೆ ಬರುತ್ತದೆ. ಆ ತುದಿ ಎರಡೂ ರಾಡ್‌ಗಳಲ್ಲಿ 0.026 ಇಂಚೇ ಆಗಿದ್ದರೆ, ಚೆನ್ನಾಗಿರುವ ನಿಮ್ಮ 12.6 ಅಲುಗುವುದಿಲ್ಲ. ಕೊಳ್ಳುವಾಗ ತುದಿಯನ್ನು ಮೈಕ್ರೋಮೀಟರಿನಿಂದ ಅಳೆದುಕೊಳ್ಳಿ. ಅದರ ಬದಲು ಜೆಟ್ಟನ್ನು 73 ಮಾಡಿದ್ದರೆ ಸಮವೇಗದಲ್ಲಿ 4.5 ಪ್ರತಿಶತ ಹೆಚ್ಚುವುದರ ಜೊತೆಗೆ, ಬೇಡದ ಕಡೆಯೂ ಮುಖ್ಯ ಜೆಟ್‌ನ ಹರಿವು 3.2 ಪ್ರತಿಶತ ಹೆಚ್ಚುತ್ತಿತ್ತು. ಎರಡು ನಂಬರ್ ದೊಡ್ಡದು ಮಾಡಿ ಎಂದವರು ಈ ಭಾಗವನ್ನು ಗಮನಿಸಿದಂತಿಲ್ಲ.

ಪವರ್ ಪಿಸ್ಟನ್ನಿನ ಸ್ಪ್ರಿಂಗ್ ಯಾವ ವ್ಯಾಕ್ಯೂಮಿನಲ್ಲಿ ಎತ್ತುತ್ತದೆ ಎಂಬುದನ್ನೂ ನೋಡಿ. ಬಿಗಿಯಾದ ಸ್ಪ್ರಿಂಗ್ ಇದ್ದರೆ ಡ್ರೈವ್‌ನಲ್ಲಿ 11 ಇಂಚಿಗೇ ಪಿಸ್ಟನ್ ಮೇಲೆ ಕೆಳಗೆ ತುಯ್ಯಬಹುದು. ಐಡಲಿಂಗ್ ವ್ಯಾಕ್ಯೂಮಿಗಿಂತ ಸಾಕಷ್ಟು ಕೆಳಗೆ ಎತ್ತುವ ಮೃದುವಾದ ಸ್ಪ್ರಿಂಗ್ ಈ ಕ್ಯಾಮಿಗೆ ಹೊಂದುತ್ತದೆ.

ಹುಬ್ಬಳ್ಳಿ ಗ್ಯಾರೇಜು

ಮೇಷ್ಟ್ರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಮೀಟರನ್ನೇ ಪೂರ್ತಿ ನಂಬುವುದಕ್ಕೆ ಮಾತ್ರ ತಕರಾರಿದೆ. ದೊಡ್ಡ ಕ್ಯಾಮ್ ಇರುವ ಎಂಜಿನ್ ಐಡಲಿಂಗ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಮಿಸ್ ಹೊಡೆಯುತ್ತದೆ. ಸುಡದ ಗಾಳಿಯ ಆಮ್ಲಜನಕ ಹಾಗೆಯೇ ಸೈಲೆನ್ಸರಿಗೆ ಬರುತ್ತದೆ. ಸೆನ್ಸರ್ ಅಳೆಯುವುದು ಆಮ್ಲಜನಕವನ್ನಾದ್ದರಿಂದ ಮಿಶ್ರಣ ತೆಳುವಾಗಿದೆ ಎಂದು ತೋರಿಸುತ್ತದೆ. ಅದನ್ನು ನಂಬಿ ಪೆಟ್ರೋಲು ಹೆಚ್ಚಿಸಿದರೆ ಇನ್ನಷ್ಟು ಮಿಸ್ ಆಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವ ಅಭ್ಯಾಸವನ್ನು ಬಿಡಬೇಡಿ.

ಲೆಕ್ಕದ ಮೇಷ್ಟ್ರು, ಬೆಂಗಳೂರು

ಐಡಲಿಂಗ್ ವಿಷಯದಲ್ಲಿ ತಮ್ಮ ಮಾತು ಸರಿ, ಅಲ್ಲಿ ವ್ಯಾಕ್ಯೂಮ್ ಗೇಜ್ ಮತ್ತು ಕಿವಿಯೇ ಮೇಲು. ಆದರೆ ಪ್ಲಗ್‌ನ ಬಣ್ಣ ಓದುವ ಹಳೆಯ ಕ್ರಮ ಸೀಸದ ಪೆಟ್ರೋಲಿನ ಕಾಲದ್ದು. ಭಾರತದಲ್ಲಿ 2000ದಲ್ಲಿ ಸೀಸ ಹೋದ ಮೇಲೆ ಆ ಕಂದು ಬಣ್ಣ ಮೊದಲಿನಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಪ್ಲಗ್‌ನ ತಳದಲ್ಲಿರುವ ಕಪ್ಪು ಉಂಗುರವನ್ನು ನೋಡಬಹುದು, ಆದರೆ 15.4ಕ್ಕೂ 16.2ಕ್ಕೂ ಇರುವ ವ್ಯತ್ಯಾಸವನ್ನು ಅದು ಹೇಳಲಾರದು.

ಮಲ್ಲೇಶ್ವರದ ಇಂಪಾಲಾ

ನಮ್ಮ ಮನೆಯ ಹಳೆಯ ಶೆವರ್ಲೆ ಇಂಪಾಲಾದಲ್ಲಿ ರೋಚೆಸ್ಟರ್‌ನದೇ ಎರಡು ಬ್ಯಾರೆಲ್‌ನ ಕಾರ್ಬ್ಯುರೇಟರ್ ಇದೆ. ಇಲ್ಲೀಗ ಬಂಕುಗಳಲ್ಲಿ ಸಿಗುವುದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲು. ಲ್ಯಾನ್ಸಿಂಗ್‌ನವರ ಅಳತೆಗಳನ್ನು ಇಲ್ಲಿ ಅನುಸರಿಸಿದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುವುದಿಲ್ಲವೇ?

ಲೆಕ್ಕದ ಮೇಷ್ಟ್ರು, ಬೆಂಗಳೂರು

ಎಥನಾಲ್ ಒಂದರ ಲೆಕ್ಕವನ್ನೇ ಹಿಡಿದರೆ ಹೌದು. ಶುದ್ಧ ಪೆಟ್ರೋಲು ಪೂರ್ತಿ ಸುಡಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಅಮೆರಿಕದಲ್ಲಿ ಸಾಮಾನ್ಯವಾದ 10 ಪ್ರತಿಶತದ ಮಿಶ್ರಣಕ್ಕೆ ಸುಮಾರು 14.1, ನಮ್ಮ 20 ಪ್ರತಿಶತದ್ದಕ್ಕೆ ಸುಮಾರು 13.5. ಅಂದರೆ ಅಲ್ಲಿನ ಹೊಂದಾಣಿಕೆ ಇಲ್ಲಿ 4 ಪ್ರತಿಶತಕ್ಕಿಂತ ತುಸು ಹೆಚ್ಚು ತೆಳುವಾಗುತ್ತದೆ.

ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು 8.5 ಪ್ರತಿಶತ ಕಡಿಮೆ. ಕಾರ್ಬ್ಯುರೇಟರಿಗೆ ಇದು ತಿಳಿಯುವುದಿಲ್ಲ. ಸಾಂದ್ರತೆ ಇಳಿದಾಗ ಅದರ ಮಿಶ್ರಣ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿ ಗಾಢವಾಗುತ್ತದೆ. ಹಾಗೆ ನೋಡಿದರೆ ಎತ್ತರದಿಂದ ನಮಗೆ ಸುಮಾರು 4.5 ಪ್ರತಿಶತ ಪೆಟ್ರೋಲು ತಾನಾಗಿ ಹೆಚ್ಚು ಬರುತ್ತದೆ. ಎಥನಾಲ್ ಕಿತ್ತುಕೊಂಡದ್ದನ್ನು ಊರಿನ ಎತ್ತರ ಬಹುಪಾಲು ತುಂಬಿಕೊಟ್ಟಿತು. ಇದೇ ಗಾಡಿಯನ್ನು ಮಂಗಳೂರಿಗೆ ಇಳಿಸಿದರೆ ಆ ಅನುಕೂಲ ಇಲ್ಲ. ಅಲ್ಲಿ ಒಂದು ನಂಬರ್ ದೊಡ್ಡ ಜೆಟ್ ಬೇಕಾಗಬಹುದು, ಏಕೆಂದರೆ ನಿಮ್ಮ ಎರಡು ಬ್ಯಾರೆಲ್‌ನದರಲ್ಲಿ ಬದಲಿಸಲು ರಾಡ್‌ಗಳಿಲ್ಲ. ಮೀಟರ್ ಇರುವವರು ಗುರಿಯನ್ನು ಬದಲಿಸಬೇಕಾಗಿಲ್ಲ: ಸೆನ್ಸರ್ ಅಳೆಯುವುದು ಲ್ಯಾಂಬ್ಡಾವನ್ನು (ಇಂಧನ ಪೂರ್ತಿ ಸುಡಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು ಎಂಬುದನ್ನು), ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಆದ್ದರಿಂದ ಯಾವ ಇಂಧನವಾದರೂ ಅದೇ ಅಂಕಿ ಹಿಡಿದರೆ ಸರಿ.

ಡೆನ್ವರ್ ನಿವಾಸಿ

ನಮ್ಮ ಊರು 1600 ಮೀಟರ್ ಎತ್ತರದ್ದು. ಅದೇ ಸೂತ್ರದಲ್ಲಿ ಇಲ್ಲಿ 8 ಪ್ರತಿಶತ ಗಾಢವಾಗಬೇಕು; ನಾನು ಜೆಟ್ ಚಿಕ್ಕದು ಮಾಡುತ್ತಲೇ ಬಂದಿರುವುದಕ್ಕೆ ಕಾರಣ ಇದೇ.

ಲ್ಯಾನ್ಸಿಂಗ್ 455

42 ನಂಬರಿನ ರಾಡ್ ಹಾಕಿದೆ. ಸಮವೇಗದಲ್ಲಿ 15.3ರಿಂದ 15.5ರ ನಡುವೆ ನಿಂತಿದೆ, ಜಗ್ಗುವುದು ಇಲ್ಲ. ಪೂರ್ತಿ ತುಳಿದಾಗ ಹಿಂದಿನ ಅಂಕಿಯೇ. ಪ್ಲಗ್‌ಗಳನ್ನೂ ಬಿಚ್ಚಿ ನೋಡಿದೆ, ಎಂಟೂ ಒಂದೇ ತೆರನಾಗಿವೆ. ಬಿಚ್ಚಿದ್ದಾಗ ಆಕ್ಸಿಲರೇಟರ್ ಪಂಪಿನ ಕಪ್ ಸ್ವಲ್ಪ ಉಬ್ಬಿದಂತೆ ಕಂಡಿತು. ಬದಲಿಸಲೇ?

ಹುಬ್ಬಳ್ಳಿ ಗ್ಯಾರೇಜು

ಬದಲಿಸಿ. ಕಿಟ್‌ನಲ್ಲಿ ಬಂದದ್ದು ಎಥನಾಲ್ ತಾಳದ ರಬ್ಬರ್ ಇರಬೇಕು. ವೈಟನ್ ಕಪ್ ಕೇಳಿ ತೆಗೆದುಕೊಳ್ಳಿ, ಹಾಕುವ ಮೊದಲು ಎಂಜಿನ್ ಆಯಿಲಿನಲ್ಲಿ ಅದ್ದಿ. ಮೇಲಿನ ಮುಚ್ಚಳ ಕೂರಿಸುವಾಗ ಮುಂದಿನ ಎರಡು ಬೋಲ್ಟ್‌ಗಳನ್ನು ಜೋರಾಗಿ ಬಿಗಿಯಬೇಡಿ, ಅಲ್ಲಿ ಎರಕ ಬಾಗುತ್ತದೆ. ಒಳಗಿನ ಸ್ಕ್ರೂಗಳಿಂದ ಆರಂಭಿಸಿ ಹೊರಗೆ ಬನ್ನಿ. ಫ್ಲೋಟ್ ಪ್ಲಾಸ್ಟಿಕ್‌ನದಾಗಿದ್ದರೆ ಅದನ್ನೂ ತೂಗಿ ನೋಡಿ, ಹಳತು ಪೆಟ್ರೋಲು ಹೀರಿ ಭಾರವಾಗಿರುತ್ತದೆ.